ಪೂರ್ವಕ್ಕೆ ಉಕ್ಕಿದ ಹಾಲು

ಚೆನ್ನೈನ ಪೋರೂರು ಕೆರೆಯ ಹಿಂದೆ ನಮ್ಮ ಸಾಲುಮನೆ. ಬಾಡಿಗೆ ನಾವು ಕಟ್ಟಿದರೂ ಮೋಟರಿನ ಸ್ವಿಚ್ಚು ಮಾಲೀಕನ ಮನೆಯೊಳಗೆ. ಅವನು ಮನಸ್ಸು ಮಾಡಿದಾಗ ನೀರು. ಮಳೆಗಾಲದಲ್ಲಿ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಚರಂಡಿ ನೀರು ಒಳಗೇ ಬರುತ್ತದೆ. ಪಕ್ಕದ ಮನೆಯ ಕರಿಯಮ್ಮ ಆಗ ಮಗಳು ನವ್ಯಾಳನ್ನೂ ಅವಳ ಪುಸ್ತಕಗಳನ್ನೂ ಮಂಚದ ಮೇಲೆ ಹತ್ತಿಸಿ ಕೂರುತ್ತಿದ್ದಳು. ಅವಳ ಗಂಡ ಅಂದಾನಿ ಗಾರೆ ಕೆಲಸದವನು. ಊರಿಗೆಲ್ಲ ಮನೆ ಕಟ್ಟಿದವನಿಗೆ ತನ್ನದೆನ್ನಲು ಒಂದು ಹೊಸ್ತಿಲಿರಲಿಲ್ಲ.

ನಾವೆಲ್ಲ ಕೊಳ್ಳೇಗಾಲದ ಕಡೆಯವರು. ಕರಿಯಮ್ಮ ಪಾತ್ರೆ ತಿಕ್ಕುತ್ತಿದ್ದುದು ಮಧುಸೂದನ್ ಅವರ ಮನೆಯಲ್ಲಿ. ಮೈಸೂರಿನವರು, ಇನ್ಶೂರೆನ್ಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಹಿಂದಿನ ಓಣಿಯಲ್ಲಿ ಅವರದೊಂದು ಎರಡು ಕೋಣೆಯ ಹಳೇ ಮನೆ ಪಾಳುಬಿದ್ದಿತ್ತು.

“ಮಾರಾಟಕ್ಕಿದೆ ಅಂತ ಬೋರ್ಡ್ ಹಾಕಿದ್ರೆ ನಾಳೆ ಬೆಳಿಗ್ಗೆ ಜನ ಕ್ಯೂ ನಿಲ್ತಾರೆ ಕರಿಯಮ್ಮ,” ಎಂದರು. “ಬ್ರೋಕರ್ ಸಹವಾಸ ಬೇಡ. ಯಾರಿಗೂ ಹೇಳ್ಬೇಡ. ನಮ್ಮ ಕನ್ನಡದವರಿಗೇ ಹೋಗ್ಲಿ ಅಂತ ನನ್ನಾಸೆ.”

ಪರ ಊರಲ್ಲಿ ನಮ್ಮ ಭಾಷೆ ಆಡುವವರು ದೇವರ ಹಾಗೆ ಕಾಣುತ್ತಾರೆ. ದೇವರ ಹತ್ತಿರ ಅಗ್ರಿಮೆಂಟು ಕೇಳುವವರು ಯಾರು? ಅಂದಾನಿ ಊರಿನ ತನ್ನ ಪಾಲಿನ ಹೊಲ ಮಾರಿ ಮುಂಗಡ ಕೊಟ್ಟ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಎಂದು ಮಾತಾಯಿತು.

“ಆಷಾಢ ಬಂತಲ್ಲ, ರಿಜಿಸ್ಟ್ರೇಷನ್ ಆಮೇಲೆ ಮಾಡೋಣ. ಬೇಕಾದ್ರೆ ಆಷಾಢ ಹುಟ್ಟೋಕೆ ಮುಂಚೆ ಈಗ್ಲೇ ಹಾಲು ಉಕ್ಕಿಸ್ಕೊಳ್ಳಿ. ಹೇಗೂ ನಿಮ್ಮದೇ ಮನೆ,” ಎಂದರು ಮಧುಸೂದನ್.

ಒಲೆ ಹೂಡಿ ಹಾಲು ಉಕ್ಕಿಸಿದರೆ ಮನೆ ನಮ್ಮದಾಯಿತು ಎಂದೇ ನಮ್ಮ ಕಡೆ ಲೆಕ್ಕ. ಅದಕ್ಕಿಂತ ದೊಡ್ಡ ರಿಜಿಸ್ಟ್ರಿ ನಮಗೆ ಗೊತ್ತಿರಲಿಲ್ಲ. ಅವತ್ತು ನಾವೆಲ್ಲ ಹೋಗಿದ್ದೆವು. ಹಾಲು ಪೂರ್ವಕ್ಕೆ ಉಕ್ಕಿತು. “ಅಮ್ಮಾ, ಪೊಂಗಿಡುಚ್ಚು,” ಎಂದು ನವ್ಯಾ ತನ್ನ ಸ್ಕೂಲಿನ ತಮಿಳಿನಲ್ಲಿ ಕುಣಿದಳು. ಕರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಷಾಢ ಮುಗಿಯಿತು. ಇಲ್ಲಿಯವರ ಆಷಾಢ, ಆಡಿ ತಿಂಗಳು, ಇನ್ನೂ ಮುಗಿದಿಲ್ಲ ಎಂದರು ಮಧುಸೂದನ್. ಮನೆ ಕೊಡದವನಿಗೆ ಎರಡು ಪಂಚಾಂಗ. ಅಂದಾನಿ ಮಾತ್ರ ಕೂಲಿ ಮುಗಿಸಿ ಬಂದು ಸಂಜೆ ಸಂಜೆ ಆ ಮನೆಗೆ ದುಡಿದ. ಸೋರುವ ತಾರಸಿ ಒಡೆದು ಹೊಸದಾಗಿ ಗಾರೆ ಹಾಕಿದ. ಬಚ್ಚಲಿಗೆ ಟೈಲ್ಸ್ ಕೂರಿಸಿದ. ಹಿಂದಿನ ಕೋಣೆಗೆ ನವ್ಯಾ ಕೇಳಿದ ಗಿಳಿಹಸಿರು ಬಳಿದ. ಮರಳು ಹೊತ್ತವರು ನಾವು.

ಆಡಿ ಕಳೆದ ಮೇಲೆ ಮಧುಸೂದನ್ ಅಂದಾನಿಯನ್ನು ಕರೆಸಿದರು.

“ಐಟಿಯವರು ಒಬ್ರು ನೋಡಿದ ತಕ್ಷಣ ಒಪ್ಕೊಂಡ್ರು. ರಿಜಿಸ್ಟರ್ ಆಗೋಯ್ತು. ತಗೊ, ನಿನ್ನ ಅಡ್ವಾನ್ಸ್ ಪೂರ್ತಿ ಇದೆ. ನಾನು ಯಾರಿಗೂ ಮೋಸ ಮಾಡೋನಲ್ಲ.”

“ನಾನ್ ಮಾಡಿದ್ ಕೆಲ್ಸ ಸಾ?”

“ನಾನು ಮಾಡು ಅಂದ್ನಾ? ನಿನ್ನ ಆಸೆಗೆ ನೀನು ಮಾಡ್ಕೊಂಡೆ.”

ಅಂದಾನಿ ಅವತ್ತು ಊಟ ಮಾಡಲಿಲ್ಲ. ಸುಣ್ಣ, ಸಿಮೆಂಟು ತಿಂದ ತನ್ನ ಅಂಗೈಗಳನ್ನೇ ನೋಡುತ್ತ ಕೂತ.

ಹೊಸಬರ ಗೃಹಪ್ರವೇಶಕ್ಕೆ ಮನೆ ಗುಡಿಸಿ ಸಾರಿಸಲು ಮಧುಸೂದನ್ ಕರಿಯಮ್ಮನಿಗೇ ಹೇಳಿ ಕಳಿಸಿದರು. ಎಷ್ಟು ಧೈರ್ಯ ನೋಡಿ. ಬೇಡವೆಂದೆ.

“ಒಂದ್ ಸಲ ನೋಡ್ಕಂಡ್ ಬತ್ತೀನಿ ಕಣಕ್ಕ,” ಎಂದಳು. ನಾನೂ ಜೊತೆಗೆ ಹೋದೆ.

ಮನೆ ಕೊಂಡ ಹುಡುಗಿ ಉಷಾ, ಹಾಸನದವಳು. ರೇಷ್ಮೆ ಸೀರೆಯುಟ್ಟು ಒಲೆಯ ಮುಂದೆ ನಿಂತಿದ್ದಳು. ಪಾತ್ರೆಯಲ್ಲಿ ಹಾಲು.

“ಯಾವ ಕಡೆ ಉಕ್ಕಿದ್ರೆ ಒಳ್ಳೇದು ಆಂಟಿ?” ಎಂದು ಕರಿಯಮ್ಮನನ್ನೇ ಕೇಳಿದಳು.

ಕರಿಯಮ್ಮ ಪೊರಕೆ ಗೋಡೆಗೆ ಒರಗಿಸಿದಳು. “ಪೂರ್ವಕ್ಕೆ ಉಕ್ಕುದ್ರೆ ಒಳ್ಳೇದು ಅಂತಾರೆ ಕಣವ್ವ. ನಮ್ದೂ ಇದೇ ಜಾಗ್ದಲ್ಲಿ ಪೂರ್ವಕ್ಕೇ ಉಕ್ಕಿತ್ತು.”

“ನಿಮ್ದಾ?”

ಕರಿಯಮ್ಮ ಹೇಳಿದಳು. ತಾರಸಿ, ಟೈಲ್ಸು, ಹಸಿರು ಗೋಡೆ, ಎಲ್ಲ. ದನಿ ಏರಿಸಲಿಲ್ಲ. ನೆಂಟರೆಲ್ಲ ಒಲೆಯ ಹತ್ತಿರಕ್ಕೆ ಬಂದು ನಿಂತರು.

“ಅಡ್ವಾನ್ಸ್ ವಾಪಸ್ ಕೊಟ್ಟಾಗಿದೆ,” ಎಂದರು ಪೂಜೆಗೆ ಬಂದಿದ್ದ ಮಧುಸೂದನ್.

“ದುಡ್ ಕೊಟ್ರಿ ಸಾ. ಕೂಲಿ ಕೊಡ್ನಿಲ್ಲ.”

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಯಾವ ಕಡೆಗೆಂದು ಯಾರೂ ನೋಡಲಿಲ್ಲ. ಉಷಾಳ ಮುಖ ಇಳಿದುಹೋಯಿತು. “ನಮಗೆ ಗೊತ್ತಿರ್ಲಿಲ್ಲ ಆಂಟಿ,” ಎಂದಳು. ಪುರೋಹಿತರು ಗಂಟಲು ಸರಿಮಾಡಿಕೊಂಡು ಮಂತ್ರ ಮುಂದುವರಿಸಿದರು.

ಕರಿಯಮ್ಮ ಹೊರಗೆ ಬಂದು ಜಗುಲಿಯ ಮೇಲೆ ಕೂತಳು. “ಕೂಲಿ ಕೊಡೋಗಂಟ ಏಳಕ್ಕಿಲ್ಲ ಕಣಕ್ಕ.” ನಾನೂ ಕೂತೆ. ಸುದ್ದಿ ತಿಳಿದು ಮರಳು ಹೊತ್ತಿದ್ದ ನಮ್ಮ ಸಾಲಿನ ಹೆಂಗಸರು ಕೆಲಸದ ಮನೆಗಳನ್ನು ಬಿಟ್ಟು ಒಬ್ಬೊಬ್ಬರಾಗಿ ಬಂದರು. ಅಂದಾನಿಯೂ ಬಂದ. ಒಳಗಿನಿಂದ ಹಾಲು, ಪಾಯಸ ಬಂತು. ಯಾರೂ ಮುಟ್ಟಲಿಲ್ಲ.

ಸ್ಕೂಲು ಬಿಟ್ಟು ಬಂದ ನವ್ಯಾ ನಮ್ಮನ್ನೆಲ್ಲ ದಾಟಿ, ಚಪ್ಪಲಿ ಬಿಟ್ಟು, ನೇರ ಒಳಗೆ ಹಸಿರು ಕೋಣೆಗೆ ಓಡಿದಳು. ಮನೆ ಕೈತಪ್ಪಿದ್ದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹೋಗಿ ಕರೆತರಲು ಅಂದಾನಿ ಎದ್ದ. ಕರಿಯಮ್ಮ ಅವನ ಕೈ ಹಿಡಿದು ಕೂರಿಸಿದಳು.

“ಇರ್ಲಿ ಬುಡು. ಆಚೆಗ್ ಹೋಗು ಅಂತ ಅವ್ರೇ ಹೇಳ್ಲಿ, ಆ ಮಗೀಗೆ.”