ನಿದ್ದೆ ಮಾಡಿಸುವವನು

ಬೇಡ, ಎಂದು ಅವನು ಮೂರನೆಯ ಸಲ ಹೇಳಿದ. ಹೋಟೆಲಿನ ಮ್ಯಾನೇಜರು ಬಸ್ಸಿನ ಕಿಟಕಿ ಹಿಡಿದುಕೊಂಡು ಜೊತೆಜೊತೆಗೇ ಹೆಜ್ಜೆ ಹಾಕುತ್ತಿದ್ದ. ಕಾರಿದೆ, ಎರಡೂವರೆ ಗಂಟೆಯಲ್ಲಿ ಬೆಟ್ಟದ ತುದಿ ತಲುಪಬಹುದು. ಈ ಬಸ್ಸಿಗೆ ಏಳು ಗಂಟೆ ಬೇಕು, ಹೊರದೇಶದವರು ಯಾರೂ ಇದನ್ನು ಹತ್ತುವುದಿಲ್ಲ. ಅದಕ್ಕೇ ಹತ್ತಿದ್ದೇನೆ ಎನ್ನಬೇಕೆನಿಸಿತು. ಅನ್ನಲಿಲ್ಲ. ಬಸ್ಸು ವೇಗ ಹಿಡಿದಾಗ ಮ್ಯಾನೇಜರು ಕೈಬಿಟ್ಟ. ಅವನು ಹರಿದ ರೆಕ್ಸಿನ್ ಸೀಟಿಗೆ ಒರಗಿ ಕೂತು ತನ್ನ ಬಗ್ಗೆ ತಾನೇ ಹೆಮ್ಮೆಪಟ್ಟ.

ಹೆಮ್ಮೆಪಡಲು ಕಾರಣಗಳಿದ್ದವು. ನಲವತ್ತಾರನೆಯ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಗುರುತುಪರಿಚಯವಿಲ್ಲದ ದೇಶದಲ್ಲಿ ಹನ್ನೊಂದು ದಿನ ಒಬ್ಬನೇ ಅಲೆದಿದ್ದ. ಹೊಟ್ಟೆ ಕೆಟ್ಟಿರಲಿಲ್ಲ. ಯಾರೂ ಟೋಪಿ ಹಾಕಿರಲಿಲ್ಲ. ಇಲ್ಲಿಯ ಭಾಷೆಯಲ್ಲಿ ಐದು ಮಾತು ಕಲಿತಿದ್ದ: ನೀರು, ಎಷ್ಟು, ಸಾಕು, ನಿಲ್ಲಿಸಿ, ಧನ್ಯವಾದ. ಹನ್ನೊಂದು ದಿನಕ್ಕೆ ಐದು ಮಾತು ಧಾರಾಳವಾಗಿ ಸಾಕಾಗಿತ್ತು.

ಹೆಂಡತಿಗೆ ಮಾತ್ರ ಸಾಕಾಗಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಳು:

"ಇವತ್ತಾದ್ರೂ ಯಾರಾದ್ರೂ ಸಿಕ್ಕಿದ್ರಾ?"

"ಬೆಟ್ಟಕ್ಕೆ ಹೊರಟಿದೀನಿ."

"ನಾನು ಕೇಳಿದ್ದು ಅದಲ್ಲ."

"ಬಿಸಿಲು ಅಷ್ಟೇನಿಲ್ಲ."

"ಇವತ್ತು ಕೊನೇ ದಿನ, ನೆನಪಿದೆ ತಾನೇ? ಅಲ್ಲಿಯ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. ನನ್ನ ಹತ್ರ ಹೇಳೋಕೆ ಏನಾದ್ರೂ ಇದ್ರೆ ಹೇಳಿ. ಇಲ್ದಿದ್ರೆ ಸಹಿ ಹಾಕಿ ಕೊಟ್ಬಿಡ್ತೀನಿ."

ಸಹಿ ಬೀಳಬೇಕಾಗಿದ್ದದ್ದು ವರ್ಗಾವಣೆಯ ಅರ್ಜಿಗೆ. ಇಬ್ಬರದೂ ಒಂದೇ ಆಸ್ಪತ್ರೆ. ಅವಳು ಫಿಸಿಯೋಥೆರಪಿಸ್ಟ್, ಮೂಳೆ ಮುರಿದವರನ್ನು ಎಬ್ಬಿಸಿ ನಡೆಸುವವಳು. ಅವನು ಅರಿವಳಿಕೆಯ ಡಾಕ್ಟರು, ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸುವವನು. ಬೇರೆ ಊರಿನ ಶಾಖೆ ಬೇಕೆಂದು ಅವಳೇ ಕೇಳಿಕೊಂಡಿದ್ದಳು. ಜಗಳ ಆಗಿರಲಿಲ್ಲ. ಜಗಳಕ್ಕೂ ಇಬ್ಬರು ಬೇಕಲ್ಲ ಎಂದಿದ್ದಳು, ಒಗೆದ ಬಟ್ಟೆ ಮಡಿಸುತ್ತಾ. "ಹದಿನೇಳು ವರ್ಷದಿಂದ ಪಕ್ಕದಲ್ಲಿದ್ದೀರಿ. ಜೊತೇಲಿ ಯಾವತ್ತು ಇದ್ರಿ ಹೇಳಿ? ಎಲ್ಲಿಗಾದ್ರೂ ಹೋಗಿ ಬನ್ನಿ. ಒಬ್ಬರ ಜೊತೆ, ಒಂದೇ ಒಂದು ದಿನ, ಮನುಷ್ಯರ ಹಾಗೆ ಇದ್ದು ಬನ್ನಿ. ಆಮೇಲೆ ನೋಡೋಣ."

ಅವನಿಗೆ ಇದು ಅನ್ಯಾಯವೆನಿಸಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿದ್ದ, ಒಬ್ಬರೂ ಏಳದೆ ಉಳಿದಿರಲಿಲ್ಲ. ಆದರೆ ತರಕಾರಿ ಅಂಗಡಿಯಲ್ಲಿ ಜನ ಮಾತಾಡಿಸುತ್ತಿದ್ದದ್ದು ಅವಳನ್ನು. ಒಬ್ಬಾಕೆ, ಮಂಡಿ ಬದಲಾಯಿಸಿಕೊಂಡವರು, ಅವಳ ಕೈ ಹಿಡಿದು ಕಣ್ಣೀರು ಹಾಕಿ ಇವನ ಕಡೆ ತಿರುಗಿ "ಇವರು?" ಎಂದಿದ್ದರು. "ನಮ್ಮ ಮನೆಯವರು. ಅವತ್ತು ನಿಮ್ಮನ್ನ ಮಲಗಿಸಿದ್ದು ಇವರೇ." ಆಕೆ ಗಲಿಬಿಲಿಯಿಂದ ನಕ್ಕು, ಹೌದಾ, ಎಂದು ಮತ್ತೆ ಅವಳ ಕಡೆಗೇ ತಿರುಗಿದ್ದರು. ಅವನು ಬದನೆಕಾಯಿ ಆರಿಸುತ್ತಾ ನಿಂತಿದ್ದ.

ಬಸ್ಸು ಬಯಲು ದಾಟಿ ಬೆಟ್ಟದ ಬುಡಕ್ಕೆ ಬಂತು. ಹತ್ತುವವರು ಹತ್ತುತ್ತಲೇ ಇದ್ದರು, ಇಳಿಯುವವರು ಇರಲಿಲ್ಲ. ನಡುದಾರಿಯಲ್ಲಿ ಸಿಮೆಂಟಿನ ಚೀಲಗಳು, ಅದರ ಮೇಲೆ ಜನ, ಜನರ ತೊಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ಪಕ್ಕದಲ್ಲಿ ಕಿವಿ ಮುಚ್ಚುವ ಟೋಪಿಯ ಮುದುಕನೊಬ್ಬ ಒತ್ತಿಕೊಂಡು ಕೂತ. ಮುದುಕನಿಗೆ ಹರುಕುಮುರುಕು ಇಂಗ್ಲಿಷ್ ಬರುತ್ತಿತ್ತು. ಬರುತ್ತದೆಂದು ಇಡೀ ಬಸ್ಸಿಗೆ ತೋರಿಸಬೇಕೆಂಬ ಉಮೇದೂ ಇತ್ತು.

"ಏನು ಕೆಲಸ?"

"ಡಾಕ್ಟರ್."

"ಯಾವುದಕ್ಕೆ? ಕಣ್ಣು? ಹಲ್ಲು?"

"ನಿದ್ದೆ ಮಾಡಿಸೋದು. ಆಪರೇಷನ್ ಟೈಮಲ್ಲಿ."

ಮುದುಕ ಬಾಯಿ ತೆರೆದು ನೋಡಿದ. ಎದ್ದು ನಿಂತು, ಅಂಗೈಯನ್ನು ಕೆನ್ನೆಗೆ ಆನಿಸಿ, ಕಣ್ಣು ಮುಚ್ಚಿ, ಇಡೀ ಬಸ್ಸಿಗೆ ವಿಷಯ ತಿಳಿಸಿದ. ಬಸ್ಸು ಗೊಳ್ಳೆಂದಿತು. ಡ್ರೈವರನ್ನು ಮಾತ್ರ ಮಲಗಿಸಬೇಡಿ ಅಂತಿದ್ದಾರೆ ಎಂದು ಮುದುಕ ತರ್ಜುಮೆ ಮಾಡಿದ. ಅವನಿಗೂ ನಗು ಬಂತು. ತನ್ನಿಂದಾಗಿ ಇಷ್ಟು ಜನ ಒಟ್ಟಿಗೆ ನಕ್ಕದ್ದು ಇದೇ ಮೊದಲು. ಇದನ್ನು ಅವಳಿಗೆ ಹೇಳಬಹುದು ಎಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ತಿರುವುಗಳು ಶುರುವಾದವು. ಹಿಂದಿನ ಸೀಟಿನ ಹೆಂಗಸೊಬ್ಬಳು ಕಿಟಕಿಯ ಹೊರಗೆ ತಲೆ ಹಾಕಿದವಳು ತೆಗೆಯಲೇ ಇಲ್ಲ. ಅವಳ ಐದು ವರ್ಷದ ಮಗಳು ಬೆಳಗಿನ ಜಾವವೇ ಎದ್ದು ಬಸ್ಸಿಗೆ ನಡೆದು ಬಂದಿದ್ದಳಂತೆ. ನಿದ್ದೆ ಬಾರದೆ, ಕೂರಲಾಗದೆ, ಒಂದೇ ಸಮನೆ ಅಳುತ್ತಿದ್ದಳು. ತಾಯಿ ಏನೋ ಹೇಳಿದಳು. ಯಾರೋ ನಕ್ಕರು. ಆಮೇಲೆ ಹುಡುಗಿ ಕೈಯಿಂದ ಕೈಗೆ ದಾಟುತ್ತಾ, ಸಿಮೆಂಟು ಚೀಲಗಳ ಮೇಲಿಂದ ಬಂದು, ಅವನ ಮಡಿಲಲ್ಲಿ ಕೂತುಬಿಟ್ಟಳು.

"ನೀವು ಮಲಗಿಸಿ," ಎಂದ ಮುದುಕ. "ಅಮ್ಮ ಹೇಳ್ತಾಳೆ, ಡಾಕ್ಟರ್ ಇದ್ದಾರಲ್ಲ."

ಅವನ ಹತ್ತಿರ ಸೂಜಿ ಇರಲಿಲ್ಲ, ಸಿಲಿಂಡರ್ ಇರಲಿಲ್ಲ, ಹಾಡೂ ಬರುತ್ತಿರಲಿಲ್ಲ. ತೋಚದೆ, ಆಪರೇಷನ್ ಥಿಯೇಟರಿನಲ್ಲಿ ಮಾಡುವ ಹಾಗೆ ಹುಡುಗಿಯ ಹಣೆಯ ಮೇಲೆ ಅಂಗೈ ಇಟ್ಟ. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು. ಹತ್ತು ನಿಮಿಷದಲ್ಲಿ ಆ ಪುಟ್ಟ ತಲೆ ಅವನ ತೋಳಿನ ಮೇಲೆ ವಾಲಿತು. ಬಸ್ಸಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಡ್ರೈವರು ಕನ್ನಡಿಯಲ್ಲಿ ನೋಡಿ ಹೆಬ್ಬೆರಳೆತ್ತಿದ.

ಅವನಿಗೆ ಎದೆಯುಬ್ಬಿ ಬಂತು. ಉತ್ಪ್ರೇಕ್ಷೆಯಲ್ಲ, ಶರ್ಟಿನ ಗುಂಡಿ ಬಿಗಿಯಾದದ್ದು ಅವನಿಗೇ ಗೊತ್ತಾಯಿತು. ಮಾಸ್ಕಿಲ್ಲದ ಮುಖಕ್ಕೆ, ಔಷಧಿಯಿಲ್ಲದ ಕೈಗೆ ಒಂದು ಜೀವ ತಾನಾಗಿ ಒಲಿದು ಮಲಗಿತ್ತು. ಉಸಿರಿಗೆ ತೊಡಕಾಗದಂತೆ ಅದರ ಗಲ್ಲವನ್ನು ತುಸು ಎತ್ತಿ ಹಿಡಿದ. ತಿರುವು ಬಂದಾಗಲೆಲ್ಲ ತಾನು ಎದುರು ಬದಿಗೆ ವಾಲಿ, ಮಗು ಓಲಾಡದಂತೆ ನೋಡಿಕೊಂಡ. ತೋಳು ಜೋಮು ಹಿಡಿದು ತನ್ನದಲ್ಲವೆಂಬಂತಾಯಿತು, ಬದಲಾಯಿಸಲಿಲ್ಲ. ಬಸ್ಸು ಎರಡು ಕಡೆ ನಿಂತಾಗ ಎಲ್ಲರೂ ಇಳಿದು ಹತ್ತಿದರು, ಅವನು ಕದಲಲಿಲ್ಲ. ನೀರೂ ಕುಡಿಯಲಿಲ್ಲ. ಮುದುಕ ಹೋಗಿ ಬಂದವರಿಗೆಲ್ಲ ಅವನನ್ನು ತೋರಿಸಿದ.

ನಾಲ್ಕು ಗಂಟೆಗೆ ಹೇಳಬೇಕಾದ ಮಾತನ್ನು ಜೋಡಿಸತೊಡಗಿದ. ಒಂದು ಮಗು ನನ್ನ ಮಡಿಲಲ್ಲಿದೆ. ಅಷ್ಟೇ ಹೇಳಿದರೆ ಸಾಕು. ಉಳಿದದ್ದು ಅವಳಿಗೆ ಅರ್ಥವಾಗುತ್ತದೆ. ಸಹಿ ಹಾಕುವುದಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ, ಬಸ್ಸು ಮೋಡದೊಳಗಿಂದ ಹೊರಬಂದು ಕೊನೆಯ ಏರು ಹತ್ತುತ್ತಿದ್ದಾಗ, ಹುಡುಗಿ ಕಣ್ಣು ಬಿಟ್ಟಳು.

ಅಳಲಿಲ್ಲ. ಅಮ್ಮನನ್ನು ಹುಡುಕಲಿಲ್ಲ. ಅಲ್ಲಾಡದೆ ಅವನ ಮುಖವನ್ನೇ ನೋಡಿದಳು. ಆಪರೇಷನ್ ಮುಗಿದು ಕಣ್ಣು ಬಿಟ್ಟವರು ಹೀಗೆ ನೋಡುವುದಿಲ್ಲ. ಅವರ ನೋಟ ಅವನನ್ನು ದಾಟಿ ದೀಪದ ಕಡೆ ಹೋಗುತ್ತದೆ, ಅಷ್ಟರಲ್ಲಿ ಅವನು ಪಕ್ಕದ ಟೇಬಲ್ಲಿಗೆ ಹೋಗಿರುತ್ತಾನೆ. ಇವಳು ಅವನನ್ನು ನೋಡುತ್ತಿದ್ದಳು. ಕಾಯುತ್ತಿದ್ದಳು. ಏನೋ ಒಂದು ಮಾಡಬೇಕಾಗಿತ್ತು, ಯಾವ ದಡ್ಡನಿಗೂ ಗೊತ್ತಿರುವಂಥದ್ದು. ನೀರು, ಎಷ್ಟು, ಸಾಕು, ನಿಲ್ಲಿಸಿ, ಧನ್ಯವಾದ. ಥಿಯೇಟರಿನಲ್ಲಿ ಯಾವತ್ತೂ ಆಗದ ಹೆದರಿಕೆಯಾಯಿತು.

ಅವನು ಕಣ್ಣು ಮುಚ್ಚಿಕೊಂಡ.

ಎರಡು ನಿಮಿಷ, ಅಷ್ಟೇ ಎಂದುಕೊಂಡ. ತಲೆಯನ್ನು ಸೀಟಿಗೆ ಆನಿಸಿ, ದವಡೆ ಸಡಿಲಿಸಿದ. ಹುಡುಗಿ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು. ಮುದುಕ ಮೆಲ್ಲಗೆ ಗದರಿದ, ಆ ಪಿಸುಮಾತು ಸೀಟಿನಿಂದ ಸೀಟಿಗೆ ಹೋಯಿತು. ಡ್ರೈವರು ರೇಡಿಯೋ ಆರಿಸಿದ. ಇಡೀ ಬಸ್ಸು ಅವನ ನಿದ್ದೆಗೆ ದಾರಿ ಬಿಟ್ಟುಕೊಟ್ಟಿತು. ಈಗ ಎದ್ದರೆ ಅವರಿಗೆಲ್ಲ ಏನೆನಿಸೀತು?

ಬಸ್ಸು ನಿಂತಿತು. ಕೊನೆಯ ನಿಲ್ದಾಣ. ಸಿಮೆಂಟು ಚೀಲಗಳನ್ನು ಕೂಡ ಸದ್ದಾಗದಂತೆ ಇಳಿಸುತ್ತಿದ್ದರು. ಆಗ ಅವನ ಜೇಬಿನಲ್ಲಿ ಫೋನು ರಿಂಗಾಯಿತು.

ಪುಟ್ಟ ಬೆರಳುಗಳು ಅದನ್ನು ಎಳೆದುಕೊಂಡು ಕಂಡದ್ದನ್ನೆಲ್ಲ ಒತ್ತಿದವು. ಹೆಂಡತಿಯ ದನಿ ಬಸ್ಸಿಗೆಲ್ಲ ಕೇಳಿಸಿತು.

"ಹಲೋ? ರೀ?"

ಹುಡುಗಿ ಸರಾಗವಾಗಿ ಏನೋ ಹೇಳತೊಡಗಿದಳು.

"ಅರೆ, ಯಾರಪ್ಪಾ ಇದು? ಯಾರ ಬಂಗಾರ ನೀನು?" ಅವಳು ನಗುತ್ತಿದ್ದಳು. ಈ ನಗು ಇನ್ನೂ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಹುಡುಗಿಯೂ ನಕ್ಕಳು. ಹಿಂದಿನಿಂದ ಬಂದ ತಾಯಿ ನಾಚಿಕೊಳ್ಳುತ್ತಾ ಎರಡು ಮಾತು ಸೇರಿಸಿದಳು. ಕೊನೆಗೆ ಮುದುಕ ಫೋನು ತೆಗೆದುಕೊಂಡ.

"ಡಾಕ್ಟರ್ ನಿದ್ದೆ. ನಾಲ್ಕು ಗಂಟೆ ಮಗು ಮಡಿಲಲ್ಲಿ. ಕೈ ಅಲ್ಲಾಡಿಸಿಲ್ಲ, ನೀರು ಕುಡಿದಿಲ್ಲ. ತುಂಬ ಒಳ್ಳೆ ಮನುಷ್ಯ."

"ಮಗುನಾ? ಅವರಾ?"

"ಎಬ್ಬಿಸಲಾ?"

ಅವನ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಜನ್ಮದಲ್ಲಿ ಸಿಗಲಾರದು. ಕಣ್ಣು ಬಿಟ್ಟರೆ ಸಾಕಾಗಿತ್ತು.

"ಬೇಡ," ಎಂದಳು. "ಫೋನು ಅವರ ಎದೆ ಮೇಲೆ ಇಡ್ತೀರಾ? ಸುಮ್ನೆ, ಒಂದು ನಿಮಿಷ."

ಮುದುಕ ಇಟ್ಟ. ಮಡಿಲಿನ ಭಾರ ಎದ್ದುಹೋಯಿತು. ತಾಯಿ ಅವನ ಮೊಣಕೈ ಮುಟ್ಟಿ ತನ್ನ ಭಾಷೆಯಲ್ಲಿ ಧನ್ಯವಾದ ಹೇಳಿದಳು. ಹೆಜ್ಜೆಗಳು ಒಂದೊಂದಾಗಿ ಮೆಟ್ಟಿಲಿಳಿದವು. ಅವನು ಉಸಿರಾಡುತ್ತಿದ್ದ. ಒಳಕ್ಕೆ, ಸಣ್ಣ ತಡೆ, ಹೊರಕ್ಕೆ, ನಿಮಿಷಕ್ಕೆ ಹದಿನಾಲ್ಕು. ಗಾಢನಿದ್ರೆಯ ಉಸಿರನ್ನು ಅವನಷ್ಟು ಬಲ್ಲವರಿಲ್ಲ. ಯಾವ ಡಾಕ್ಟರು ಬಂದು ನೋಡಿದರೂ ತಪ್ಪು ಹುಡುಕಲಾರ ಎಂದುಕೊಂಡಾಗ ಮತ್ತೆ ಹೆಮ್ಮೆಯಾಯಿತು.

"ರೀ," ಎಂದಳು ಅವಳು, ತೀರ ಮೆಲ್ಲಗೆ. "ನೀವು ನಿದ್ದೇಲಿ ಹೀಗೆ ಉಸಿರಾಡಲ್ಲ. ಗೊರಕೆ ಹೊಡೀತೀರಿ."

ಒಳಕ್ಕೆ. ಸಣ್ಣ ತಡೆ.

"ಎಚ್ಚರ ಇದ್ದೀರಿ ಅಂತ ಗೊತ್ತು ನನಗೆ. ಏನಾದ್ರೂ ಒಂದು ಮಾತು ಹೇಳಿ. ಪೆನ್ನು ಕೈಯಲ್ಲೇ ಇದೆ."

ಹೊರಕ್ಕೆ.

ಯಾರೋ ಹತ್ತಿರ ಬಂದರು. ಡ್ರೈವರಿರಬೇಕು, ಡೀಸೆಲ್ಲಿನ ವಾಸನೆಯಿತ್ತು. ಬೆಟ್ಟದ ಮೇಲೆ ಚಳಿ ಎಂದು ತನ್ನ ಕಂಬಳಿ ತಂದಿದ್ದ. ಅದನ್ನು ಅವನ ಕಾಲಿನಿಂದ ಗಲ್ಲದವರೆಗೂ ಎಳೆದು, ಎರಡೂ ಬದಿ ಮಗುವಿಗೆ ಹೊದಿಸಿದ ಹಾಗೆ ಒತ್ತಿದ. ಕಂಬಳಿಯೊಳಗೆ, ಎದೆಯ ಮೇಲೆ, ಅವಳ ದನಿ ಉಣ್ಣೆಯಲ್ಲಿ ಹೂತು ಏನು ಹೇಳುತ್ತಿದೆಯೆಂದು ತಿಳಿಯದಾಯಿತು.

ಬಸ್ಸಿನ ಹೊರಗೆ ಹುಡುಗಿ ಗಟ್ಟಿಯಾಗಿ ಏನೋ ಕೂಗಿದಳು. ಜನ ಒಟ್ಟಾಗಿ, ತುಂಬ ಅಕ್ಕರೆಯಿಂದ, ಶ್ ಎಂದರು.