ತಂತಿ ಕಂಪನಿಯ ದುಡ್ಡು

ನನ್ನ ಗಂಡ ಗುರುದತ್‌ಗೆ ಯಾವುದನ್ನೂ ಚರಿತ್ರೆ ಹೇಳದೆ ಕೊಟ್ಟು ಗೊತ್ತಿಲ್ಲ. ಐರ್ಲೆಂಡಿನ ಲೂಕನ್‌ನ ನಮ್ಮ ಮನೆಗೆ ಊಟಕ್ಕೆ ಬಂದವರಿಗೆ ಸಾರಿನ ಜೊತೆ ಮೆಣಸಿನ ಚರಿತ್ರೆಯನ್ನೂ ಬಡಿಸುತ್ತಾನೆ.

ಅವನನ್ನು ಸಾಕಿದ ಸೋದರತ್ತೆ ರಾಜಮ್ಮ ಮಂಡ್ಯದಲ್ಲಿದ್ದಾರೆ. ಗುರುವಾರ ಅವರ ಕಣ್ಣಿನ ಪೊರೆಯ ಆಪರೇಷನ್. ದುಡ್ಡು ಮೊದಲೇ ಕಟ್ಟಬೇಕು. ಕೆವೈಸಿ ಆಗಿಲ್ಲವೆಂದು ಬ್ಯಾಂಕಿನವರು ಅತ್ತೆಯ ಖಾತೆ ನಿಲ್ಲಿಸಿದ್ದರಿಂದ, ಕೌಂಟರಿನಲ್ಲಿ ನಗದು ಕೊಡುವ ಕಂಪನಿಯೊಂದರ ಮೂಲಕ ಕಳಿಸಿದ. ಕಳಿಸಿ ಸುಮ್ಮನಿರಬಹುದಿತ್ತು. ಫೋನ್ ಮಾಡಿ ಉಪನ್ಯಾಸ ಶುರುಮಾಡಿದ.

"ಅತ್ತೆ, ಇದು ಹಳೇ ತಂತಿ ಕಂಪನಿ. ಮೊದ್ಲು ಬರೀ ಸುದ್ದಿ ಕಳಿಸ್ತಿದ್ರು. ಆಮೇಲೆ ಜೊತೆಗೆ ದುಡ್ಡೂ ಕಳಿಸೋಕೆ ಶುರು ಮಾಡಿದ್ರು. ದುಡ್ಡಲ್ಲೇ ಲಾಭ ಅಂತ ಗೊತ್ತಾದ್ಮೇಲೆ ಸುದ್ದಿ ಕಳಿಸೋದನ್ನೇ ಬಿಟ್ಬಿಟ್ರು!"

ಯಾರ ಕಥೆ ಹೇಳುತ್ತಿದ್ದೇನೆಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಐರ್ಲೆಂಡಿಗೆ ಬಂದ ಹೊಸದರಲ್ಲಿ ವಾರವಾರ ಅತ್ತೆಗೆ ಫೋನ್ ಮಾಡುತ್ತಿದ್ದ. ಆಮೇಲೆ ಫೋನೂ ದುಡ್ಡೂ. ಈಚೆಗೆ ದುಡ್ಡು ಮಾತ್ರ, ಅದೂ ತಿಂಗಳಿಗೊಮ್ಮೆ ತಾನಾಗಿಯೇ ಹೋಗುವಂತೆ ಆ್ಯಪಿನಲ್ಲಿ ಒತ್ತಿಟ್ಟು ನಿಶ್ಚಿಂತನಾಗಿದ್ದ.

ಫೋನಿನ ಆ ಕಡೆ ಅತ್ತೆ ಅಳತೊಡಗಿದರು.

"ತಂತಿನಾ? ಯಾರ್ ಹೋದ್ರಪ್ಪಾ ಗುರು?"

ನಮ್ಮ ಕಡೆ ತಂತಿಯವನು ಬಾಗಿಲಿಗೆ ಬಂದರೆ ಒಡೆದು ಓದುವ ಮುಂಚೆಯೇ ಅಳು ಶುರುವಾಗುತ್ತಿತ್ತು. ಅತ್ತೆಯ ಗಂಡ ಬೊಂಬಾಯಿಯಲ್ಲಿ ತೀರಿಕೊಂಡ ಸುದ್ದಿ ಬಂದದ್ದೂ ಹಾಗೇ. ಚಿಕ್ಕವನಿದ್ದಾಗ ಗುರುದತ್ ಅದನ್ನು ಕಣ್ಣಾರೆ ಕಂಡಿದ್ದ. ನಮ್ಮ ಪಂಡಿತರಿಗೆ ಅದೊಂದು ಮರೆತುಹೋಗಿತ್ತು.

"ಯಾರೂ ಹೋಗಿಲ್ಲ ಅತ್ತೆ. ನಾವೆಲ್ಲ ಗ್ರ್ಯಾಂಡ್ ಆಗಿದೀವಿ, ಆರಾಮಾಗಿದೀವಿ!"

"ತಂತಿ ದುಡ್ಡು ನಂಗೆ ಬ್ಯಾಡ. ಆ ಕೌಂಟರ್ ತಾವ ನಾನು ಕಾಲಿಡಾಕಿಲ್ಲ."

"ತಡ ಮಾಡಿದ್ರೆ ಬಲಗಣ್ಣು ಹೋಗುತ್ತೆ ಅಂದಿದಾರೆ ಡಾಕ್ಟ್ರು!"

"ಹೋದ್ರೆ ಹೋಗ್ಲಿ."

ನನಗೆ ರೇಗಿಹೋಯಿತು. ಫೋನ್ ಕಿತ್ತುಕೊಂಡು ವಿಡಿಯೋ ಹಾಕಿ, ಅವನ ಮುಖಕ್ಕೆ ಹಿಡಿದೆ.

"ನೋಡಿ ಅತ್ತೆ, ನಿಮ್ಮ ಗುರು ಗುಂಡುಕಲ್ಲಿನ ಥರ ಇಲ್ಲೇ ಕೂತಿದಾನೆ."

"ಕಾಣಾಕಿಲ್ಲ ಕಣವ್ವ. ಎಲ್ಲಾ ಮಂಜುಮಂಜು. ಆಪರೇಸನ್ ಮಾಡ್ಸುದ್ರೆ ಕಾಣ್ತಾನಾ?"

"ಕಾಣ್ತೀನಿ ಅತ್ತೆ, ಚೆನ್ನಾಗಿ ಕಾಣ್ತೀನಿ," ಎಂದ ಗುರುದತ್.

"ಎಲ್ಲಿ? ಈ ಫೋನಲ್ಲೇನಾ?"

ಅವನು ನನ್ನ ಮುಖ ನೋಡಿದ. ನಾನು ಅವನ ನೆರವಿಗೆ ಹೋಗಲಿಲ್ಲ. ಕೊನೆಗೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ.

"ಆ ದುಡ್ಡು ಬಿಡಿ ಅತ್ತೆ. ಬುಧವಾರ ನಾನೇ ತರ್ತೀನಿ. ಆಸ್ಪತ್ರೆಗೂ ನಾನೇ ಕರ್ಕೊಂಡು ಹೋಗ್ತೀನಿ."

ಅತ್ತೆ ಅಳು ನಿಲ್ಲಿಸಿದರು. ಅವರ ದನಿ ಪೂರ್ತಿ ಇಳಿದುಹೋಗಿತ್ತು.

"ನೀನೇ ಬತ್ತೀಯಾ? ಹಂಗಾದ್ರೆ ಏನೋ ಆಗೇ ಆಗೈತೆ. ಮುಚ್ಚಿಡಬ್ಯಾಡ, ಹೇಳ್ಬುಡಪ್ಪಾ."