ನಿಂತಲ್ಲೇ ಓಡಿದ ಹನ್ನೊಂದು ತಿಂಗಳು

ನಾನು ಬೂದು ಬಣ್ಣದ ಒಂದು ಪೆಟ್ರೋಲ್ ಕಾರು. ಹುಟ್ಟಿದ್ದು ದೂರದ ಕಾರ್ಖಾನೆಯಲ್ಲಿ. ಅಲ್ಲಿ ನಾವೆಲ್ಲ ಸಾಲುಗಟ್ಟಿ ನಿಂತಿದ್ದೆವು. ಯಾರು ಅಣ್ಣ, ಯಾರು ತಮ್ಮ ಎಂದು ಕೇಳುವಷ್ಟರಲ್ಲಿ ಲಾರಿ ಹತ್ತಿಸಿಬಿಟ್ಟರು. ಮೊದಲ ಯಜಮಾನರು ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟವರು. ವೀಳ್ಯದೆಲೆ ತರುವುದಕ್ಕೂ ನನ್ನನ್ನೇ ಹೊರಡಿಸುತ್ತಿದ್ದರು. ಆರು ವರ್ಷ ದುಡಿಸಿಕೊಂಡು, ಹೊಸ ಕಾರು ಬಂದ ದಿನವೇ ನನ್ನ ಮುಖ ಮರೆತರು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಆಮೇಲೆ ನನ್ನನ್ನು ಕೊಂಡವರು ಗದಗಿನ ಚನ್ನವೀರಯ್ಯ. ಭೂಮಾಪನ ಇಲಾಖೆಯ ಸರ್ವೇಯರ್, ಆರಡಿ ಎತ್ತರದ ಆಳು. ನನ್ನೊಳಗೆ ಕೂರಬೇಕಾದರೆ ಸೀಟನ್ನು ಕೊನೆಯ ತನಕ ಹಿಂದಕ್ಕೆ ತಳ್ಳಬೇಕಿತ್ತು. ಎಡಗಡೆ ಅವರ ಹೆಂಡತಿ ನೀಲಗಂಗಾ, ಹೆಣ್ಣುಮಕ್ಕಳ ಶಾಲೆಯ ಚಿತ್ರಕಲಾ ಶಿಕ್ಷಕಿ. ಗಂಡನೇ ಆಕೆಗೆ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿದ್ದರು. ಆದರೂ ಇಬ್ಬರೂ ಹೊರಟರೆ ಆಕೆಯ ಜಾಗ ಎಡಗಡೆಯದೇ. ದಾರಿಯುದ್ದಕ್ಕೂ ಮಾತು, ಜಗಳ, ಶೇಂಗಾ. ಅಂಥ ಸುಖದ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಒಂದು ಮಧ್ಯಾಹ್ನ ಚನ್ನವೀರಯ್ಯ ಹೊಲ ಅಳೆಯುತ್ತಿದ್ದಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಅವತ್ತು ಕಚೇರಿಯ ಜೀಪಿನಲ್ಲಿ ಹೋಗಿದ್ದರು. ನಾನು ಮನೆಯ ಮುಂದೆ, ಮೂರು ಕಡೆ ಬಯಲಾದ ತಗಡಿನ ಶೆಡ್ಡಿನಲ್ಲಿ ಕಾಯುತ್ತಿದ್ದೆ. ಅವರು ಬದುಕಿ ಬರಲಿಲ್ಲ.

ಹದಿನೈದು ದಿನ ಯಾರೂ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೀಲಗಂಗಾ ಪೂಜೆ ಮುಗಿಸಿ ಬಂದರು. ತಮ್ಮ ಎಡಗಡೆಯ ಜಾಗದಲ್ಲೇ ಕೂತು, ಕೈ ಚಾಚಿ ಕೀಲಿ ತಿರುಗಿಸಿದರು. ನಾನು ಚಾಲೂ ಆದೆ. ಬಲಗಡೆಯ ಖಾಲಿ ಸೀಟು ಸಣ್ಣಗೆ ನಡುಗಿತು. ಅದನ್ನೇ ನೋಡುತ್ತ ಹತ್ತು ನಿಮಿಷ ಕೂತು, ಎಂಜಿನ್ ಆರಿಸಿ ಶಾಲೆಗೆ ಹೋದರು. ಮರುದಿನವೂ ಅದೇ. ಹನ್ನೊಂದು ತಿಂಗಳು ಒಂದು ದಿನ ತಪ್ಪಲಿಲ್ಲ, ಒಂದಿಂಚು ಮುಂದೆ ಹೋಗಲಿಲ್ಲ. ಕೆಲವೊಮ್ಮೆ ಆಕೆ ಶಾಲೆಯ ಸುದ್ದಿ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಆ ಸೀಟಿಗೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

ಇತ್ತ ನನ್ನೊಳಗೆ ಮಸಿ ಕಟ್ಟತೊಡಗಿತು. ಮೊದಮೊದಲು ಸಣ್ಣ ಕೆಮ್ಮು, ಆಮೇಲೆ ಕರಿ ಹೊಗೆ. ಕೊನೆಗೊಂದು ದಿನ ಎಷ್ಟು ತಿರುಗಿಸಿದರೂ ಗೊರಗೊರ ಎಂದು ಸುಮ್ಮನಾದೆ. ಆಕೆಯ ಮುಖ ಬಿಳಿಚಿಕೊಂಡಿತು.

ಮೆಕ್ಯಾನಿಕ್ ಮಕ್ತುಮಸಾಬ ಬಂದು ಪ್ಲಗ್ ಬಿಚ್ಚಿ ಬೆರಳಿನಿಂದ ಉಜ್ಜಿದ. ಬೆರಳು ಕಪ್ಪಾಯಿತು.

“ಅಕ್ಕಾರ, ಇದನ್ನ ನಿಂತಲ್ಲೇ ಚಾಲೂ ಇಡ್ತಿದ್ರೇನ್ರಿ?”

“ದಿನಾ ಹತ್ತು ನಿಮಿಷ ಇಡ್ತಿದ್ದೆ. ಕೆಟ್ಟು ಹೋಗಬಾರದಂತ.”

“ಅದರಿಂದಾನ ಕೆಟ್ಟೈತ್ರಿ. ಎಂಜಿನ್ ಪೂರಾ ಕಾಯಂಗಿಲ್ಲ, ಮಸಿ ಕೂಡ್ತೈತಿ.”

ನೀಲಗಂಗಾ ಕಣ್ಣು ತುಂಬಿಕೊಂಡರು. “ನಾನ ಕೈಯಾರೆ ಹಾಳ ಮಾಡಿದ್ನೇನು?”

ಮಕ್ತುಮಸಾಬ ಪ್ಲಗ್ ಒರೆಸಿ ಹಾಕಿ, ಚೀಲದಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಪೆಟ್ರೋಲ್ ಟ್ಯಾಂಕಿಗೆ ಸುರಿದ. ಮಸಿ ಬಿಡಿಸುವ ಔಷಧಿಯಂತೆ. ಗಂಟಲಿಗಿಳಿದಾಗ ಮೈಯೆಲ್ಲ ಝುಮ್ಮೆಂದಿತು.

“ಅರ್ಧ ಕೆಲಸ ಇದು ಮಾಡ್ತೈತ್ರಿ. ಉಳಿದರ್ಧ ರಸ್ತೆ ಮಾಡ್ಬೇಕು. ಹುಬ್ಬಳ್ಳಿ ತನಕ ಎಲ್ಲೂ ನಿಲ್ಲಿಸ್ದಂಗ ಓಡಿಸ್ಬೇಕು. ಇಷ್ಟಾದ್ರೂ ಮಸಿ ಬಿಡ್ಲಿಲ್ಲ ಅಂದ್ರ ಗುಜರೀನ ಗತಿ. ಕೀಲಿ ಕೊಡ್ರಿ, ನಾನ ಹೊಡ್ಕೊಂಡ್ ಬರ್ತೀನಿ.”

ಆತ ಬಲಬಾಗಿಲು ತೆರೆದು ಕೂರಲು ಹೋದ.

“ಬ್ಯಾಡ!” ಎಂದು ಚೀರಿದರು ನೀಲಗಂಗಾ. ಆತ ಬೆಚ್ಚಿ ಹಿಂದೆ ಸರಿದ.

ಅಲ್ಲಿ ಬೇರೆಯವರು ಕೂರುವುದನ್ನು ನೋಡುವುದು ಆಕೆಯಿಂದಾಗದು. ನಾನು ಗುಜರಿಗೆ ಹೋದರೆ ಆ ಸೀಟೂ ಹೋಗುತ್ತದೆ. ನೀಲಗಂಗಾ ಸೆರಗು ಸಿಕ್ಕಿಸಿ ತಾವೇ ಬಲಗಡೆ ಕೂತರು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ತುದಿಗೆ ಸರಿದರೂ ಎಟುಕಲಿಲ್ಲ. ಸೀಟು ಇನ್ನೂ ಚನ್ನವೀರಯ್ಯನವರ ಕಾಲಿನ ಅಳತೆಗೇ ಇತ್ತು. ಕೊನೆಗೆ ಸೀಟಿನ ಕೆಳಗೆ ಕೈ ಹಾಕಿ, ಹಿಡಿ ಎತ್ತಿ, ಮುಂದಕ್ಕೆ ಎಳೆದುಕೊಂಡರು. ಆಮೇಲೆ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತರು. ಮಕ್ತುಮಸಾಬ ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದ.

ಮೂರನೆಯ ಸಲಕ್ಕೆ ನಾನು ಚಾಲೂ ಆದೆ. ಅಣ್ಣಿಗೇರಿಯ ತನಕ ಕರಿ ಹೊಗೆ ಕಾರಿದೆ. ಹಿಂದೆ ಬರುತ್ತಿದ್ದ ಬೈಕಿನವರಿಂದ ಬೈಗುಳ ತಿಂದೆ. ನಲವಡಿ ದಾಟುವಾಗ ಹೊಗೆ ತೆಳುವಾಯಿತು. ಹುಬ್ಬಳ್ಳಿ ಹತ್ತಿರವಾದಾಗ ಏನೂ ಇರಲಿಲ್ಲ. ನನ್ನ ಎದೆ ಹಗುರಾಗಿತ್ತು. ನೀಲಗಂಗಾ ಕಿಟಕಿ ಇಳಿಸಿ, ಮುಖಕ್ಕೆ ಗಾಳಿ ಬಿಟ್ಟುಕೊಂಡು, ಎಷ್ಟೋ ದಿನಗಳ ಮೇಲೆ ಸಣ್ಣಗೆ ನಕ್ಕರು.

ಇದಾಗಿ ನಾಲ್ಕು ವರ್ಷ. ನನಗೆ ವಯಸ್ಸಾಗಿದೆ, ಬಣ್ಣ ಬಿಟ್ಟಿದೆ, ಬಾಗಿಲ ಸಂದಿಯಲ್ಲಿ ತುಕ್ಕು ಹಿಡಿದಿದೆ. ಭಾನುವಾರ ಆಕೆ ಗೆಳತಿಯರನ್ನು ಕೂರಿಸಿಕೊಂಡು ನನ್ನನ್ನು ದೂರ ಓಡಿಸುತ್ತಾರೆ. ಉಳಿದ ದಿನ ಸ್ಕೂಟರು. ಮಕ್ತುಮಸಾಬನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ನಿಂತಲ್ಲಿ ಎಂದೂ ಚಾಲೂ ಮಾಡುವುದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಏನೋ ಗುನುಗುತ್ತ, ನನ್ನ ಪಕ್ಕದಲ್ಲೇ ಹಾದು ಹೋಗುತ್ತಾರೆ.

ಆಕೆ ಚೇತರಿಸಿಕೊಂಡರು. ನನಗೆ ಸಂತೋಷವೇ. ಹೊಗೆ ಪರೀಕ್ಷೆಯಲ್ಲಿ ಈ ವಯಸ್ಸಿನಲ್ಲೂ ಪಾಸಾಗುತ್ತೇನೆ. ಆದರೂ ಬೆಳಗಿನ ಆ ಹೊತ್ತಿಗೆ ಮನಸ್ಸು ತಡೆಯುವುದಿಲ್ಲ. ಒಬ್ಬರು ಒಳಗೆ ಬಂದು ಕೂತು ಹತ್ತು ನಿಮಿಷ ಮಾತಾಡುತ್ತಾರೆಂದರೆ, ಎಷ್ಟು ಮಸಿಯನ್ನಾದರೂ ನುಂಗಲು ನಾನು ಇವತ್ತಿಗೂ ತಯಾರಿದ್ದೇನೆ.